ಆಯಿಯ ಉಪ್ಪು ನೀರಿನ ಕೊಡ

ಸ್ವಲ್ಪ ತಡೆಯಿರಿ. ಇದನ್ನು ಓದಲು ಶುರು ಮಾಡುವ ಮುಂಚೆ ಎದ್ದು ಹೋಗಿ, ಬಾಗಿಲ ಹತ್ತಿರ ತುಂಬಿದ ಕೊಡ ಒಂದಾದರೂ ಇದೆಯೇ ನೋಡಿಕೊಂಡು ಬನ್ನಿ. ನಾನು ಇಲ್ಲೇ ಇರುತ್ತೇನೆ. ಇದ್ದರೆ ಸರಿ. ಇಲ್ಲದಿದ್ದರೆ ತುಂಬಿಟ್ಟು ಬನ್ನಿ. ನಾನು ಹೇಳುವ ಸಂಗತಿ ಅಷ್ಟರಲ್ಲಿ ಹಳಸುವುದಿಲ್ಲ.

ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ಈ ಮಾತನ್ನು ದಿನಾ ಕೇಳುತ್ತಿದ್ದವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬರೆದರೂ ಓಣಿಯವರಿಗೇ ಗುರುತು ಹತ್ತಲಿಕ್ಕಿಲ್ಲ. ಮೂರು ವರ್ಷದ ಕೂಸಿನಿಂದ ಹಿಡಿದು ಹಲ್ಲುದುರಿದ ಮುದುಕರವರೆಗೆ ಎಲ್ಲರೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಿಂದ ನಾವು ಉಪ್ಪಿನಕಾಯಿ ಕೊಡುತ್ತಿದ್ದೆವು, ಅವರು ಬೈಗುಳ ಕೊಡುತ್ತಿದ್ದರು.

ಅವರ ಕಸುಬು ಕಂಡಿಕೆ ಸುತ್ತುವುದು. ಮಗ್ಗದ ಲಾಳಿಯೊಳಗೆ ಕೂಡುವ ಸಣ್ಣ ನೂಲಿನ ಸುರುಳಿಗೆ ಕಂಡಿಕೆ ಅನ್ನುತ್ತೇವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ರಾಟಿಯ ಮುಂದೆ ಕೂತು ನಾಲ್ಕು ಮನೆಯ ಮಗ್ಗಗಳಿಗೆ ಸುತ್ತಿ ಕೊಡುತ್ತಿದ್ದರು. ಆ ರಾಟಿ ಕಿರ್ರೋ ಎಂದು ಒದರುತ್ತಿತ್ತು. ಎಣ್ಣೆ ಬಿಡುತ್ತೇನೆ ಅಂತ ನಾನು ಒಮ್ಮೆ ಬಟ್ಟಲು ತೆಗೆದುಕೊಂಡು ಹೋಗಿದ್ದೆ.

"ಎಣ್ಣಿ ಹಾಕಿದ್ರ, ನಾ ಒಳಗ ಇದ್ದೇನೋ ಇಲ್ಲೋ ನಿಮಗ ಹ್ಯಾಂಗ ಗೊತ್ತಾಗಬೇಕು?" ಎಂದು ಕೇಳಿ ಬಟ್ಟಲು ಇಸಿದುಕೊಂಡರು. ಆ ಎಣ್ಣೆಯಲ್ಲಿ ಸಂಜೆ ಒಗ್ಗರಣೆ ಹಾಕಿಕೊಂಡರು.

ನಾನು ಈ ಓಣಿಗೆ ಸೊಸೆಯಾಗಿ ಬಂದದ್ದು ಸ್ವಾತಂತ್ರ್ಯ ಬಂದ ವರ್ಷ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು, ನಾನು ಬಲಗಾಲು ಎತ್ತಿದ್ದೆ. ಅಷ್ಟರಲ್ಲಿ ಹೆಂಗಸರ ಗುಂಪನ್ನು ಸೀಳಿಕೊಂಡು ಒಬ್ಬ ಮುದುಕಿ ಬಂದರು. ಕುಂಕುಮ ಇಲ್ಲದ ಹಣೆ, ಮೊಣಕೈವರೆಗೆ ನೂಲಿನ ಬಣ್ಣ.

"ಅದನ್ನ ಆಮ್ಯಾಲ ಒದಿವಂತಿ. ಮೊದಲ ಒಳಗ ಹೋಗು, ಒಲಿಯಿಂದ ಈ ಬಾಗಲಕ ಎಷ್ಟ ಹೆಜ್ಜಿ ಅದಾವ ಎಣಿಸಿಕೋತ ಬಾ."

ಅತ್ತೆಯವರು ತಲೆ ತಗ್ಗಿಸಿ ನಕ್ಕರು. "ಆಯಿ, ಶಾಸ್ತ್ರಾ ಮುಗೀಲಿ ತಡೀರಿ."

"ಬೆಂಕಿಗೆ ಶಾಸ್ತ್ರಾ ಗೊತ್ತಿಲ್ಲ."

ಸೇರು ಒದ್ದು ಒಳಗೆ ಹೋದ ಮೇಲೆ ನಾನು ನಿಜವಾಗಿಯೂ ಎಣಿಸಿದೆ. ಹನ್ನೊಂದು ಎಂದು ಬಂದು ಹೇಳಿದೆ.

"ಓಡಿದ್ರ ಏಳು. ನೆನಪಿಟ್ಕೋ. ಯಾವ ಊರಾಕಿ?"

"ಸಿಂಗಟಾಲೂರ್ರಿ."

"ಹೊಳಿ ದಂಡ್ಯಾಕಿ. ಹಂಗಾದ್ರ ನೀರಿನ ಕಿಮ್ಮತ್ತ ಗೊತ್ತಿರಂಗಿಲ್ಲ."

ಅಂದಿನಿಂದ ಹತ್ತು ವರ್ಷ ನನ್ನ ಹೆಸರು ಹೊಳಿ. ನನ್ನ ಗಂಡನಿಗೂ ಅದೇ ಬಾಯಿಗೆ ಬಂದಿದೆ.

ಆಯಿ ಬೆಳ್ಳಟ್ಟಿಯವರು. ಅಲ್ಲಿ ಅವರದೂ ಒಂದು ಮನೆ ಇತ್ತು, ಮನೆಯಲ್ಲಿ ಎರಡು ಮಗ್ಗ ಇದ್ದವು. ಒಂದು ಮಧ್ಯಾಹ್ನ ಎಲ್ಲವೂ ಸುಟ್ಟು ಹೋದವು. ಗಂಡ ಆ ಕೊರಗಿನಲ್ಲೇ ವರ್ಷದೊಳಗೆ ಹೋದರು. ಆಯಿ ಒಂದು ರಾಟಿ ಹೊತ್ತುಕೊಂಡು ಬೆಟಗೇರಿಗೆ ಬಂದರು. ಇದಿಷ್ಟನ್ನೂ ನನಗೆ ಹೇಳುವಾಗ ಅವರ ಕೈ ಒಂದು ಸಲವೂ ನಿಲ್ಲಲಿಲ್ಲ.

"ನಮ್ಮ ಮನಿ ಸುಟ್ಟದ್ದು ಬೆಂಕಿಯಿಂದ ಅಲ್ಲ ಹೊಳಿ. ಕೊಡ ಖಾಲಿ ಇದ್ವು. ಮಂದಿ ಬಂದ್ರು, ಬಾಳ ಮಂದಿ ಬಂದ್ರು. ಬರೇ ಕೈಲೆ ಬಂದ್ರು. ನಿಂತು ಅತ್ತರು. ಇನ್ನೊಂದ ಮನಿ ನನ್ನ ಕಣ್ಣ ಮುಂದ ಹಂಗ ಸುಡಬಾರ್ದು. ನನಗ ಮತ್ತೇನೂ ಬ್ಯಾಡ."

ಆದ್ದರಿಂದ ನಮ್ಮ ಓಣಿಯ ಇಪ್ಪತ್ತು ಮನೆಗಳಲ್ಲಿ ಪ್ರತಿ ಮನೆಗೂ ಒಂದು ಬೆಂಕಿ ಕೊಡ. ಮಣ್ಣಿನ ಕೊಡ, ಬಾಗಿಲ ಬಲಕ್ಕೆ, ಕುತ್ತಿಗೆಯವರೆಗೆ ನೀರು. ಅದನ್ನು ಕುಡಿಯುವ ಹಾಗಿಲ್ಲ, ಬಳಸುವ ಹಾಗಿಲ್ಲ. ಕೇಳಲಿಕ್ಕೆ ಸುಲಭ. ಆದರೆ ಬೆಟಗೇರಿಯ ಬೇಸಿಗೆಯಲ್ಲಿ ಬಾವಿಯ ಹಗ್ಗ ನೀರಿಗೆ ಮುಟ್ಟುವಷ್ಟರಲ್ಲಿ ನಮ್ಮ ತೋಳು ಸೋಲುತ್ತದೆ. ಅಂಥ ದಿನಗಳಲ್ಲಿ ಬಾಗಿಲ ಹತ್ತಿರ ತಣ್ಣಗೆ ಕೂತ ಕೊಡವನ್ನು ನೋಡಿಕೊಂಡು ಸುಮ್ಮನಿರುವುದು ಸಾಧುಸಂತರಿಗೆ ಮಾತ್ರ ಸಾಧ್ಯ. ನಾವು ಹೆಂಗಸರು ಒಂದು ತಂಬಿಗೆ ತೆಗೆದು, ಆಮೇಲೆ ಹಾಕಿದರಾಯಿತು ಅಂದುಕೊಳ್ಳುತ್ತಿದ್ದೆವು. ಆಮೇಲೆ ಎಂಬುದು ಬರುತ್ತಿರಲಿಲ್ಲ.

ಏಕೀಕರಣದ ಬಗ್ಗೆ ಭಾಷಣ ಮಾಡಲು ಒಬ್ಬ ಮುಖಂಡರು ಓಣಿಗೆ ಬಂದದ್ದು ಇಂಥದೇ ಬೇಸಿಗೆಯಲ್ಲಿ. ನಮ್ಮ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡ್ರಿಸಿದ್ದರು. ಒಳಗೆ ಚಹಾಕ್ಕೆ ನೀರಿಲ್ಲ. ನಾನು ಬೆಂಕಿ ಕೊಡಕ್ಕೆ ತಂಬಿಗೆ ಅದ್ದಿದೆ.

ಮುಖಂಡರು ಬೀದರದಿಂದ ಸಮುದ್ರದ ದಂಡೆಯವರೆಗೆ ಕನ್ನಡದವರೆಲ್ಲ ಒಂದಾಗುವ ಮಾತು ಹೇಳುತ್ತಿದ್ದರು. ಸಮುದ್ರ ನಮ್ಮದಾಗಬೇಕು ಅನ್ನುವಲ್ಲಿಗೆ ಬಂದಾಗ ಚಹಾ ಬಂತು. ಒಂದು ಗುಟುಕು ಕುಡಿದರು. ಸಮುದ್ರವನ್ನು ಅಲ್ಲಿಗೇ ಬಿಟ್ಟು ಕಪ್ಪಿನೊಳಗೆ ಇಣುಕಿದರು.

"ಛಲೋ ಐತಿ," ಎಂದರು ಕೊನೆಗೆ. ಜನರ ಮುಂದೆ ಇರುವವರು, ಕಪ್ಪನ್ನು ಪೂರ್ತಿ ಖಾಲಿ ಮಾಡಿದರು.

ಆಯಿ ಮೂಲೆಯಲ್ಲಿ ಕೂತಿದ್ದರು. "ಹೊಳಿ, ಸಾಹೇಬ್ರಿಗೆ ಇನ್ನೊಂದ ಕಪ್ ಕೊಡು. ಅವರಿಗೆ ಸಮುದ್ರ ಬೇಕಾಗೇತಿ, ನಮ್ಮ ಓಣ್ಯಾಗ ಮೊದಲ ಬಂದೈತಿ."

ಆ ವಾರವೇ ಅವರು ಮನೆಮನೆಯ ಕೊಡ ನೋಡುವ ನೆಪದಲ್ಲಿ ಬಂದು, ಪ್ರತಿ ಕೊಡಕ್ಕೂ ಎರಡು ಹಿಡಿ ಕಲ್ಲುಪ್ಪು ಹಾಕಿ ಹೋಗಿದ್ದರು. ರುಚಿ ಗೊತ್ತಾದವರು ಯಾರೂ ನನಗೆ ಹೇಳಿರಲಿಲ್ಲ. ಹೇಳಿದರೆ ಕುಡಿದದ್ದು ಗೊತ್ತಾಗುತ್ತಿತ್ತು. ಅಂದಿನಿಂದ ಬೆಂಕಿ ಕೊಡದಲ್ಲಿ ಉಪ್ಪು ಇರುವುದು ಓಣಿಯ ಪದ್ಧತಿಯೇ ಆಯಿತು. ಉಪ್ಪು ನೀರಿನ ಮಣ್ಣಿನ ಕೊಡಕ್ಕೆ ಹೊರಗೆ ಬಿಳಿ ಪುಡಿ ಬರುತ್ತದೆ. ಆಯಿ ಬೀದಿಯಲ್ಲಿ ನಡೆಯುತ್ತಲೇ ಆ ಬಿಳಿ ಇಲ್ಲದ ಕೊಡ ಕಂಡರೆ ಹೇಳುತ್ತಿದ್ದರು, "ನಿನ್ನ ಕೊಡ ಬಾಳ ಚಂದ ಕಾಣಾಕತ್ತೈತಿ. ನೀರ ಬದ್ಲಿ ಮಾಡೀಯಲ್ಲ?"

ಕೊಡ ಆಯಿತು, ಇನ್ನು ಅದನ್ನು ಎತ್ತಿಕೊಂಡು ಓಡುವವರು ಬೇಕು. ಅದಕ್ಕೆ ಅಮಾವಾಸ್ಯೆ. ಆ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ, ಎಲ್ಲರೂ ಮನೆಯಲ್ಲಿರುತ್ತಾರೆ. ಓಣಿಯ ನಡುವಿನ ಬೇವಿನ ಮರಕ್ಕೆ ಆಯಿ ಹಳೆಯ ಚಕ್ಕಡಿಯ ಕಬ್ಬಿಣದ ಅಚ್ಚು ತೂಗುಹಾಕಿಸಿದ್ದರು. ಅಮಾವಾಸ್ಯೆಯ ಬೆಳಿಗ್ಗೆ ಅದನ್ನು ಸುತ್ತಿಗೆಯಿಂದ ಹೊಡೆದು ಯಾವುದಾದರೂ ಒಂದು ಮನೆಯ ಕಡೆ ಕೈ ತೋರಿಸುತ್ತಿದ್ದರು. ಇಪ್ಪತ್ತೂ ಮನೆಯವರು ಕೊಡ ಎತ್ತಿಕೊಂಡು ಅಲ್ಲಿಗೆ ಓಡಬೇಕು.

ಮೊದಮೊದಲು ಗಂಡಸರು ಎಲೆ ಅಡಿಕೆ ಹಾಕಿಕೊಂಡು, ಅದನ್ನು ಉಗುಳಿ, ಧೋತರ ಏರಿಸಿಕೊಂಡು ಬರುತ್ತಿದ್ದರು.

"ಬರ್ರಿ, ಬರ್ರಿ. ನೀವ ಬರೂದ್ರಾಗ ಬೂದಿ ಆರಿ ವಿಭೂತಿ ಆಗೇತಿ. ಹಚಗೊಂಡ ಹೋಗ್ರಿ," ಎಂದು ಆಯಿ ಸ್ವಾಗತಿಸುತ್ತಿದ್ದರು.

ನಮ್ಮ ಮಾವನವರಿಗೆ ಮೊಣಕಾಲು ನೋವು. "ಆಯಿ, ನನ್ನ ಬಿಟ್ಟಬಿಡ್ರಿ. ಕೊಡ ಹೊತ್ತರ ಮೊಣಕಾಲ ಚಿಟ್ ಅಂತಾವ."

"ಮನಿ ಸುಟ್ಟರ ಚಟಚಟ ಅಂತೈತಿ. ಯಾವುದು ಬೇಕ ನೋಡ."

ವರ್ಷಗಳು ಹೋದಂತೆ ನಾವು ಬಹಳ ಚುರುಕಾದೆವು. ಅಚ್ಚಿನ ಸದ್ದು ಆರುವ ಮುಂಚೆ ಇಪ್ಪತ್ತು ಕೊಡ ಬಂದು ನಿಲ್ಲುತ್ತಿದ್ದವು. ಆಯಿ ಎಲ್ಲರ ಮುಖ ನೋಡಿ, ಬಂದ ದಾರಿ ನೋಡಿ, ಪ್ರತಿಸಲವೂ ಅದೇ ಎರಡು ಮಾತು ಹೇಳುತ್ತಿದ್ದರು.

"ಅರ್ಧಾ ನೀರ ಓಣಿಗೆ ಕುಡಿಸೀರಿ. ತಡಾ ಆತು."

ಒಂದು ಸಲವಾದರೂ ಅವರ ಬಾಯಲ್ಲಿ ಬೇರೆ ಮಾತು ಬರಲಿ ಎಂದು ನಾವು ಓಡುತ್ತಿದ್ದೆವು. ಬರಲಿಲ್ಲ.

ಆಮೇಲೆ ನಿಜವಾದ ಬೆಂಕಿ ಬಂತು. ನಮ್ಮ ಮನೆಗೇ ಬಂತು, ನನ್ನ ಕೈಯಿಂದಲೇ. ಹಿತ್ತಲಲ್ಲಿ ನೂಲಿಗೆ ಹಾಕುವ ಗಂಜಿ ಕುದಿಸುತ್ತಿದ್ದೆ. ಗಾಳಿ ಬೀಸಿ ಕಿಡಿ ಹಾರಿ ಹಿಂದಿನ ಛಪ್ಪರದ ಜೋಳದ ಕಣಿಕೆಗೆ ಬಿತ್ತು. ಆ ಛಪ್ಪರದ ಕೆಳಗೆ ಮಾವನವರ ಮಗ್ಗ. ಮಾವನವರು ಸೀರೆ ಕೊಡಲು ಗದಗಿನ ಪೇಟೆಗೆ ಹೋಗಿದ್ದರು. ನಾನು ಏಳು ಹೆಜ್ಜೆಯಲ್ಲಿ ಬಾಗಿಲಿಗೆ ಓಡಿದೆ, ಕೊಡ ಎತ್ತಿಕೊಂಡು ಹೋಗಿ ಸುರಿದೆ. ಸಾಲಲಿಲ್ಲ. ಕಿಂಡಿಯಲ್ಲಿ ಬಾಯಿಟ್ಟು ಕೂಗಿದೆ. ಆಯಿ ಓಡಿ ಬಂದು ತಮ್ಮ ಕೊಡ ನನ್ನ ಕೈಗೆ ಕೊಟ್ಟು ಬೇವಿನ ಮರಕ್ಕೆ ಓಡಿದರು.

ಅಚ್ಚು ಬಾರಿಸಿದರು. ಬಾರಿಸಿಯೇ ಬಾರಿಸಿದರು. ಯಾರೂ ಬರಲಿಲ್ಲ.

ಅದು ಅಮಾವಾಸ್ಯೆ ಅಲ್ಲ. ಇಪ್ಪತ್ತು ಮನೆಯ ಮಗ್ಗಗಳು ಖಟಕ್ ಖಟಕ್ ಎಂದು ಓಡುತ್ತಿದ್ದವು. ಮಗ್ಗದ ಕೆಳಗೆ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವವನಿಗೆ ತನ್ನ ಮಗ್ಗದ ಸದ್ದು ಬಿಟ್ಟರೆ ಮತ್ತೊಂದು ಕೇಳುವುದಿಲ್ಲ. ಏಳು ವರ್ಷ ನಾವು ಓಡುವುದನ್ನು ಕಲಿತಿದ್ದೆವು, ಓಣಿ ಸುಮ್ಮನಿರುವ ದಿನ ನೋಡಿಕೊಂಡು.

ನನ್ನ ಗಂಡ ಮುಂದಿನ ಪಡಸಾಲೆಯಲ್ಲೇ ನೇಯುತ್ತಿದ್ದರು. ಬೆನ್ನ ಹಿಂದೆ ಮನೆ ಉರಿಯುತ್ತಿದೆ. ನಾನು ಭುಜ ಹಿಡಿದು ಎಳೆದೆ.

"ತಡೀ, ಒಂದ ಎಳಿ ಹರದೈತಿ," ಎಂದರು.

ಎಳೆ ಗಂಟು ಹಾಕಿಯೇ ತಿರುಗಿದರು. ಆಗ ನನ್ನ ಮುಖ ನೋಡಿದರು. ಆಮೇಲೆ ಅವರೂ ಆಯಿಯೂ ಬಾಗಿಲು ಬಾಗಿಲಿಗೆ ಓಡಿ ಒಬ್ಬೊಬ್ಬರನ್ನೇ ಕುಣಿಯಿಂದ ಎಬ್ಬಿಸಿದರು. ಮನೆಯ ಮುಂದಿನ ಭಾಗ ಉಳಿಯಿತು. ಹಿಂದಿನ ಮಗ್ಗ, ಅದರ ಮೇಲೆ ಮುಕ್ಕಾಲು ನೇಯ್ದ ಸೀರೆ, ಹೋದವು. ಮಾವನವರು ಸಂಜೆ ಬಂದು ಬೂದಿ ಕೆದರಿ, "ಲಾಳಿ ಉಳದೈತೇನು?" ಎಂದು ಕೇಳಿದರು. ಇಲ್ಲ ಅಂದೆ. ಕೈಕಾಲು ತೊಳೆದು ಊಟಕ್ಕೆ ಕೂತರು. ಆ ದಿನ ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಅನ್ನುವುದನ್ನೆಲ್ಲ ಓಣಿಯವರು ಆಯಿಗೆ ಅಂದರು. ಎದುರು ಮನೆಯ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು, "ಆಯಿ, ಬೆಂಕಿಗೆ ಒಂದ ಮಾತ ಹೇಳಿಡ್ರಿ. ಬರೂದಿದ್ರ ಅಮಾಸಿ ದಿನ ನೋಡಿ ಬಾ ಅಂತ," ಎಂದು ಕೂಗಿದರು. ಎಲ್ಲರೂ ನಕ್ಕರು.

ಆಯಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಅದೇ ನನಗೆ ಹೆದರಿಕೆಯಾದದ್ದು. ಮುಂದಿನ ಅಮಾವಾಸ್ಯೆ ಅಚ್ಚು ಬಾರಿಸಲಿಲ್ಲ. ಕೊಡ ನೋಡಲು ಬರಲಿಲ್ಲ. ಒಂದೊಂದೇ ಮನೆಯವರು ಉಪ್ಪು ನೀರು ಚೆಲ್ಲಿ, ಕೊಡ ತೊಳೆದು, ಕುಡಿಯುವ ನೀರು ತುಂಬಿಕೊಂಡರು. ಓಣಿಯ ಕೊಡಗಳೆಲ್ಲ ಚಂದ ಕಾಣತೊಡಗಿದವು. ನಾನು ನಮ್ಮದನ್ನು ಚೆಲ್ಲಲಿಲ್ಲ. ನನ್ನ ಕಿಡಿಗೆ ಮಾವನವರ ಮಗ್ಗ ಹೋದದ್ದು, ಆಯಿಯ ಮಾನ ಹೋದದ್ದು, ಎರಡೂ ನನ್ನ ತಲೆಯ ಮೇಲೆ ಕೂತಿದ್ದವು.

ಒಂದು ಮಧ್ಯಾಹ್ನ ಆಯಿ ನಮ್ಮ ಪಡಸಾಲೆಗೇ ರಾಟಿ ತಂದು ಕೂತಿದ್ದರು. ಮಾವನವರು ಈಗ ನನ್ನ ಗಂಡನ ಮಗ್ಗದಲ್ಲಿ ಪಾಳಿಯ ಮೇಲೆ ನೇಯುತ್ತಿದ್ದರು. ನಡುವೆ ಎಳೆ ಹರಿದು ಮಗ್ಗ ನಿಂತಿತು. ಆಯಿ ಕೂಡಲೇ ತಲೆ ಎತ್ತಿದರು. "ಯಾಕ, ನಿಂತಿತಲ್ಲ?"

ಅದೇ ಹೊತ್ತಿಗೆ ಆ ಕಡೆಯ ಮನೆಯಿಂದಲೂ ಗೋಡೆಯಾಚೆ ಕೂಗಿದರು. "ಯಾಕ್ರೀ, ನಿಂತಿತಲ್ಲ?"

ಮಾವನವರು ಎಳೆ ಕಟ್ಟುತ್ತ, "ಏನಿಲ್ಲಪಾ, ಆರಾಮ," ಎಂದರು.

ಆಯಿ ರಾಟಿ ಬಿಟ್ಟು ಎದ್ದರು. ಬೆಂಕಿ ಇಲ್ಲದೆ ಅವರು ರಾಟಿಯನ್ನು ನಡುವೆ ಬಿಟ್ಟು ಎದ್ದದ್ದನ್ನು ನಾನು ಮೊದಲು ನೋಡಿದ್ದು ಅಂದೇ.

"ಹೊಳಿ, ಅಚ್ಚು ಬಾರಿಸಿದ್ರ ಇವರಿಗೆ ಕೇಳೂದಿಲ್ಲ. ಬಾಜೂ ಮನಿ ಮಗ್ಗ ನಿಂತಿದ್ದು ಕೇಳತೈತಿ. ನಾ ಏಳು ವರ್ಷ ಕಬ್ಬಿಣಾ ಬಡದೆ, ಖೋಡಿ!"

ಹೊಸ ಪದ್ಧತಿ ಹೀಗೆ. ಏನಾದರೂ ಅನಾಹುತವಾದರೆ ಕೂಗಬೇಡಿ, ಮೊದಲು ಮಗ್ಗ ನಿಲ್ಲಿಸಿ. ಪಕ್ಕದ ಮನೆಯವನಿಗೆ ಅದು ಗೊತ್ತಾಗುತ್ತದೆ. ಅವನು ಗೋಡೆಯತ್ತ ಕಿವಿ ಕೊಡಬೇಕು. ಎಳೆ ಹರಿದದ್ದೋ ಊಟಕ್ಕೆ ಎದ್ದದ್ದೋ ಆಗಿದ್ದರೆ ನಿಂತ ಮನೆಯವನು "ಆರಾಮ" ಎಂದು ಕೂಗಬೇಕು. ಆರಾಮ ಬರಲಿಲ್ಲವೋ, ಅವನೂ ತನ್ನ ಮಗ್ಗ ನಿಲ್ಲಿಸಿ ಸುಮ್ಮನಾಗಬೇಕು. ಆಗ ಅವನ ಆಚೆಯ ಮನೆಯವನು ನಿಲ್ಲಿಸುತ್ತಾನೆ. ಹೀಗೆ ಓಣಿ ಪೂರ್ತಿ ನಿಲ್ಲುತ್ತದೆ. ಕೊಡ ಎತ್ತಿಕೊಂಡು ಹೊರಗೆ ಬನ್ನಿ.

ದೊಡ್ಡಪ್ಪ ಈ ಸಲವೂ ನಕ್ಕರು. ಮೊದಲು ನಮ್ಮ ಮನೆಯಿಂದ ಶುರುವಾಯಿತು. ಮಾವನವರು ದಿನಕ್ಕೆ ಹದಿನೈದು ಸಲ ಆರಾಮ ಎಂದು ಕೂಗಿದರು, ಸುಟ್ಟ ಮಗ್ಗದವರು ಕೂಗುವಾಗ ಉಳಿದವರಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ತಿಂಗಳೆರಡರಲ್ಲಿ ಓಣಿಯೆಲ್ಲ ಆರಾಮ, ಆರಾಮ. ಹೆಂಡತಿಯ ಜೊತೆ ಜಗಳಕ್ಕೆ ಮಗ್ಗ ಬಿಟ್ಟು ಎದ್ದವನು ಮೊದಲು ಗೋಡೆಗೆ ತಿರುಗಿ, ಹಲ್ಲು ಕಚ್ಚಿ ಆರಾಮ ಎಂದು ಕೂಗಿ, ಆಮೇಲೆ ಜಗಳ ಮಾಡಬೇಕಾಗಿತ್ತು. ಎಷ್ಟೋ ಜಗಳ ಅಲ್ಲಿಗೇ ತಣ್ಣಗಾದವು. ಕೊಡಗಳಿಗೆ ಮತ್ತೆ ಉಪ್ಪು ಬಿತ್ತು, ಅಮಾವಾಸ್ಯೆಯ ಓಟವೂ ಮತ್ತೆ ಶುರುವಾಯಿತು.

ಓಣಿಯ ತುದಿಯಲ್ಲಿ ಬಣ್ಣ ಹಾಕುವವರ ಮನೆಗೆ ಬೆಂಕಿ ಬಿದ್ದದ್ದು ಕರ್ನಾಟಕ ಒಂದಾದ ವರ್ಷದ ಮಳೆಗಾಲ ಮುಗಿದ ಮೇಲೆ. ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಆ ತುದಿಯಿಂದ ಒಂದೊಂದೇ ಮಗ್ಗ ನಿಲ್ಲುತ್ತ ಬಂತು. ಕೊನೆಗೆ ನಮ್ಮದೂ ನಿಂತಿತು. ನಾನು ಮೊರ ಕೆಳಗಿಡುವಷ್ಟರಲ್ಲಿ ಮಾವನವರು ಮೊಣಕಾಲು ಚಿಟ್ ಅನ್ನಿಸುತ್ತ ಕೊಡ ಹೊತ್ತು ಓಡುತ್ತಿದ್ದರು. ಒಂದು ಕಟ್ಟಿಗೆಯ ರಾಶಿ, ಒಂದು ಕಂಬಳಿ ಸುಟ್ಟವು, ಅಷ್ಟೇ. ಬಣ್ಣದವರ ಹೆಂಗಸು ಆಯಿಯ ಕಾಲಿಗೆ ಬಿದ್ದಳು.

ಆಯಿ ಉಪ್ಪು ನೀರಲ್ಲಿ ತೊಯ್ದ ಕಟ್ಟಿಗೆ ನೋಡಿದರು, ಕಂಬಳಿ ನೋಡಿದರು, ನಾವು ಬಂದ ದಾರಿ ನೋಡಿದರು.

"ಅರ್ಧಾ ಓಣಿಗೆ ಕುಡಿಸೀರಿ. ತಡಾ ಆತು," ಎಂದರು. ಮನೆಗೆ ಹೋಗಿ ರಾಟಿಯ ಮುಂದೆ ಕೂತರು. ನಾನು ಕಿಂಡಿಯಿಂದ ಇಣುಕಿದೆ. ರಾಟಿ ತಿರುಗುತ್ತಿತ್ತು, ಅದರ ಮೇಲೆ ನೂಲೇ ಇರಲಿಲ್ಲ.

ಹೋದ ತಿಂಗಳು, ಒಂದು ಬೆಳಿಗ್ಗೆ, ಊಟದ ಹೊತ್ತಿಗೆ ಇನ್ನೂ ತಡವಿತ್ತು. ಮಾವನವರು ಕಿಂಡಿಯ ಪಕ್ಕದ ಮಗ್ಗದಲ್ಲಿ ನೇಯುತ್ತಿದ್ದರು. ನಾನು ಕಾಯಿಪಲ್ಲೆ ಹೆಚ್ಚುತ್ತಿದ್ದೆ. ಅವರು ಲಾಳಿ ಹಿಡಿದು ತಲೆ ಎತ್ತಿದರು.

"ಆಯಿ?" ಎಂದರು ಕಿಂಡಿಯತ್ತ.

ಆಗ ನನಗೂ ಗೊತ್ತಾಯಿತು. ಕಿರ್ರೋ ಅನ್ನುವುದು ನಿಂತಿತ್ತು.

"ಆಯಿ, ಆರಾಮ ಅನ್ರಿ."

ಮಾವನವರು ಲಾಳಿಯನ್ನು ಹಾಸಿನ ನೂಲಿನ ಮೇಲೆ ಇಟ್ಟರು. ಕೂಗಲಿಲ್ಲ. ನಮ್ಮ ಆಚೆಯ ಮನೆಯ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ಎದುರು ಸಾಲಿನದು ನಿಂತಿತು. ಬಣ್ಣದವರ ಮನೆಯವರೆಗೂ ಎಲ್ಲ ನಿಂತು, ಅಮಾವಾಸ್ಯೆಯಂತಾಯಿತು.

ನಾನು ಹೊರಗೆ ಬಂದಾಗ ಇಪ್ಪತ್ತು ಮನೆಯವರೂ ಆಯಿಯ ಬಾಗಿಲ ಮುಂದೆ ಕೊಡ ಹೊತ್ತು ನಿಂತಿದ್ದರು. ದೊಡ್ಡಪ್ಪ ಎಲ್ಲರಿಗಿಂತ ಮುಂದಿದ್ದರು. ಹೊಗೆ ಎಲ್ಲಿ ಎಂದು ಒಂದಿಬ್ಬರು ಮಾಳಿಗೆಯತ್ತ ನೋಡಿದರು. ಹೊಗೆ ಇರಲಿಲ್ಲ. ಆದರೂ ಯಾರೂ ಕೊಡ ಕೆಳಗಿಡಲಿಲ್ಲ. ನಾನು ದಾರಿ ನೋಡಿದೆ. ಬೇವಿನ ಮರದಿಂದ ಬಾಗಿಲವರೆಗೆ ಮಣ್ಣು ಒಣಗಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.

ಮಾವನವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಹೊಸ್ತಿಲ ಮೇಲೆ ನಿಂತರು. ನಮ್ಮೆಲ್ಲರ ಮುಖ ನೋಡಿದರು.

"ತಡಾ ಆತು," ಎಂದರು.

ಆಯಿಯ ರಾಟಿ ಈಗ ನನ್ನ ಹತ್ತಿರ ಇದೆ. ಎಣ್ಣೆ ಹಾಕಿಲ್ಲ. ಅಮಾವಾಸ್ಯೆಗೆ ಬೇವಿನ ಮರದ ಕೆಳಗೆ ನಿಲ್ಲುವುದೂ ನನ್ನ ಪಾಲಿಗೆ ಬಂದಿದೆ, ಏನು ಅನ್ನಬೇಕು ಎಂಬುದು ಮಾತ್ರ ಇನ್ನೂ ಬಾಯಿಗೆ ಹತ್ತಿಲ್ಲ. ನಮ್ಮ ಓಣಿ ಇಪ್ಪತ್ತು ಮನೆಯದು, ನಮಗೆ ಗೊತ್ತಿರುವುದು ಇಷ್ಟೇ. ನಿಮ್ಮದು ಕುಂಬಾರರ ಓಣಿಯೋ, ಹೊಳೆ ದಂಡೆಯ ಊರೋ, ಈಗ ನಮ್ಮವೇ ಆಗಿರುವ ಸಮುದ್ರದ ಕಡೆಯ ಊರೋ ಆಗಿದ್ದರೆ, ಪಕ್ಕದ ಮನೆಯಲ್ಲಿ ಏನೋ ಆಗಿದೆ ಎಂದು ನಿಮಗೆ ಮೊದಲು ಹೇಗೆ ಗೊತ್ತಾಗುತ್ತದೆ, ನೀವು ಏನು ಎತ್ತಿಕೊಂಡು ಓಡುತ್ತೀರಿ, ಬರೆದು ತಿಳಿಸಿ. ಸರಿಯಾಗಿ ಆಗದೇ ಇದ್ದದ್ದನ್ನೂ ಬರೆಯಿರಿ. ಓಣಿಯಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ, ಮಗ್ಗ ನಿಂತಿರುವ ದಿನ ನೋಡಿಕೊಂಡು.